1,23,45,678ರ ಒಳಗೇನಿದೆ? ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವ ಬಗೆ

ಒಂದು ದೊಡ್ಡ ಸಂಖ್ಯೆ ಕೊಟ್ಟು ಇದರ ಗುಣಗಳನ್ನು ಹೇಳಿ ಅಂದರೆ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಅಂಕಿಗಳ ಕಡೆಗೆ. ಕೂಡಿದರೆ ಎಷ್ಟಾಗುತ್ತದೆ, ತಿರುಗಿಸಿ ಬರೆದರೆ ಏನಾಗುತ್ತದೆ, ಯಾವ ಅಂಕಿ ಎಷ್ಟು ಸಲ ಬಂದಿದೆ ಎಂದೆಲ್ಲ ನೋಡುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಸಂಖ್ಯೆಯ ಬಗ್ಗೆ ಜಾಸ್ತಿ ಹೇಳುವುದು ಅದರ ಅವಿಭಾಜ್ಯ ಅಪವರ್ತನಗಳು. ಯಾವ ಯಾವ ಅವಿಭಾಜ್ಯ ಸಂಖ್ಯೆಗಳನ್ನು ಎಷ್ಟೆಷ್ಟು ಸಲ ಗುಣಿಸಿದರೆ ಇದು ಬರುತ್ತದೆ ಎಂಬುದೊಂದು ಗೊತ್ತಾದರೆ ಸಾಕು. ಭಾಜಕಗಳೆಷ್ಟು, ಅವುಗಳ ಮೊತ್ತ ಎಷ್ಟು, ಇದು ಯಾವ ಗುಂಪಿಗೆ ಸೇರುತ್ತದೆ, ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುತ್ತದಾ ಎಂಬ ಪ್ರಶ್ನೆಗಳೆಲ್ಲ ಕೆಲವೇ ನಿಮಿಷದ ಲೆಕ್ಕವಾಗಿಬಿಡುತ್ತವೆ.

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಸಂಖ್ಯೆ ಇಟ್ಟುಕೊಂಡು ಮಾಡಿ ತೋರಿಸುವುದು ವಾಸಿ. 1,23,45,678 ತೆಗೆದುಕೊಳ್ಳೋಣ. ಕ್ಯಾಲ್ಕುಲೇಟರ್ ಕೈಗೆ ಬಂದ ತಕ್ಷಣ ಎಲ್ಲರೂ ಒತ್ತುವ ಸಂಖ್ಯೆ ಇದು. ಕಾಗದ, ಪೆನ್ನು, ಒಂದು ಸಾದಾ ಕ್ಯಾಲ್ಕುಲೇಟರ್ ಇದ್ದರೆ ಇಡೀ ಕೆಲಸ ಮುಗಿಯುತ್ತದೆ.

ಹೆಜ್ಜೆ 1: ಗಾತ್ರ ತಿಳಿದುಕೊಳ್ಳಿ

ಒಂದು ಕೋಟಿ ಇಪ್ಪತ್ತಮೂರು ಲಕ್ಷ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೆಂಟು. ಎಂಟು ಅಂಕಿ. ವರ್ಗಮೂಲ ಎಲ್ಲಿ ಬರುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 3513ರ ವರ್ಗ 1,23,41,169. 3514ರ ವರ್ಗ 1,23,48,196. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಹಾಗಾಗಿ ಇದು ಪೂರ್ಣ ವರ್ಗ ಅಲ್ಲ ಎಂಬುದು ಇಲ್ಲೇ ತೀರ್ಮಾನ ಆಯಿತು. ಘನವೂ ಅಲ್ಲ: 231ರ ಘನ 1,23,26,391, 232ರ ಘನ 1,24,87,168.

ಹೆಜ್ಜೆ 2: ಸಣ್ಣ ಅವಿಭಾಜ್ಯಗಳನ್ನು ಹೊರಗೆ ತೆಗೆಯಿರಿ

ಕೊನೆಯ ಅಂಕಿ 8, ಅಂದರೆ ಸಮ ಸಂಖ್ಯೆ. ಕೊನೆಯ ಎರಡು ಅಂಕಿ 78, ಅದು 4ರಿಂದ ಭಾಗವಾಗುವುದಿಲ್ಲ. ಹಾಗಾಗಿ 2 ಒಂದೇ ಸಲ ಬರುತ್ತದೆ. ಭಾಗಿಸಿದರೆ 61,72,839 ಉಳಿಯುತ್ತದೆ.

ಈಗ 3. ಅಂಕಿಗಳನ್ನು ಕೂಡಿ: 6+1+7+2+8+3+9 = 36. ಇದು 9ರಿಂದಲೇ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಶಾಲೆಯಲ್ಲಿ ಈ ನಿಯಮ ಕಲಿತಿರುತ್ತೇವೆ, ಕಾರಣ ಮಾತ್ರ ಎಷ್ಟೋ ಸಲ ಹೇಳಿಕೊಟ್ಟಿರುವುದಿಲ್ಲ. ಕಾರಣ ಸರಳ. 10ನ್ನು 9ರಿಂದ ಭಾಗಿಸಿದರೆ ಶೇಷ 1. 100ಕ್ಕೂ 1, 1000ಕ್ಕೂ 1. ಅಂಕಿ ಯಾವ ಸ್ಥಾನದಲ್ಲಿ ಕೂತಿದ್ದರೂ 9ರ ಲೆಕ್ಕದಲ್ಲಿ ಅದರ ತೂಕ ಅಷ್ಟೇ. ಅದಕ್ಕೇ ಅಂಕಿಗಳನ್ನು ಸುಮ್ನೆ ಕೂಡಿದರೆ ಸಾಕಾಗುತ್ತದೆ.

ಇದರಿಂದ ಒಂದು ಚೆಂದದ ವಿಷಯವೂ ಹೊರಬರುತ್ತದೆ. 1ರಿಂದ 8ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿ 40,320 ಬೇರೆ ಬೇರೆ ಸಂಖ್ಯೆ ಮಾಡಬಹುದು. ಎಲ್ಲದರ ಅಂಕಿ ಮೊತ್ತವೂ 36. ಹಾಗಾಗಿ ಅಷ್ಟರಲ್ಲಿ ಒಂದೇ ಒಂದೂ ಅವಿಭಾಜ್ಯ ಅಲ್ಲ. 1ರಿಂದ 7ರವರೆಗೆ ತೆಗೆದುಕೊಂಡರೆ ಮೊತ್ತ 28, ಅಲ್ಲಿ ಅಡ್ಡಿ ಇಲ್ಲ. 76,52,413 ಅಂಥ ಒಂದು ಅವಿಭಾಜ್ಯ.

ಮತ್ತೆ ನಮ್ಮ ಲೆಕ್ಕಕ್ಕೆ ಬರೋಣ. 61,72,839ನ್ನು 3ರಿಂದ ಭಾಗಿಸಿದರೆ 20,57,613. ಇನ್ನೊಮ್ಮೆ ಭಾಗಿಸಿದರೆ 6,85,871. ಇದರ ಅಂಕಿ ಮೊತ್ತ 35, ಹಾಗಾಗಿ 3ರ ಕೆಲಸ ಮುಗಿಯಿತು. ಕೊನೆಯಲ್ಲಿ 1 ಇದೆ, 5 ಕೂಡ ಇಲ್ಲ.

ಹೆಜ್ಜೆ 3: 7, 11, 13 ಒಂದೇ ಏಟಿಗೆ

7ಕ್ಕೆ ಒಂದು ನಿಯಮ, 11ಕ್ಕೆ ಇನ್ನೊಂದು, 13ಕ್ಕೆ ಮತ್ತೊಂದು ಎಂದು ಬಾಯಿಪಾಠ ಮಾಡುವ ಅಗತ್ಯ ಇಲ್ಲ. 7 × 11 × 13 = 1001. ಅಂದರೆ ಈ ಮೂರರ ಲೆಕ್ಕದಲ್ಲೂ 1000 ಎಂದರೆ −1 ಇದ್ದ ಹಾಗೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ಲಕ್ಷ, ಕೋಟಿಗೆ ಹಾಕುವ ಅಲ್ಪವಿರಾಮಗಳು ಎರಡೆರಡು ಅಂಕಿಗೆ ಬರುತ್ತವೆ. ಈ ಲೆಕ್ಕಕ್ಕೆ ಅವನ್ನು ಮರೆತು 12 | 345 | 678 ಎಂದು ಗುಂಪು ಮಾಡಬೇಕು.

678 − 345 + 12 = 345. ಇನ್ನು ಎಂಟು ಅಂಕಿಯ ಸಂಖ್ಯೆಯ ಬದಲು ಈ 345ನ್ನು ನೋಡಿದರೆ ಸಾಕು. 7ರಿಂದ ಭಾಗಿಸಿದರೆ ಶೇಷ 2, 11ರಿಂದ 4, 13ರಿಂದ 7. ಮೂರೂ ಭಾಗಿಸುವುದಿಲ್ಲ. ದೊಡ್ಡ ಸಂಖ್ಯೆ ಕೈಗೆ ಬಂದಾಗಲೆಲ್ಲ ನಾನು ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು. ಇಪ್ಪತ್ತು ಅಂಕಿಯ ಸಂಖ್ಯೆಗೂ ಇದನ್ನು ಕೈಯಲ್ಲೇ ಮಾಡಬಹುದು.

ಹೆಜ್ಜೆ 4: ಉಳಿದದ್ದನ್ನು ಭಾಗಿಸುತ್ತಾ ಹೋಗಿ, ನಿಲ್ಲಿಸಬೇಕಾದ ಜಾಗ ಗೊತ್ತಿರಲಿ

ಈಗ ಕೈಯಲ್ಲಿರುವುದು 6,85,871. ಇದು ಅವಿಭಾಜ್ಯವೋ ಅಲ್ಲವೋ ತಿಳಿಯಬೇಕು. ಎಲ್ಲಿಯವರೆಗೆ ಪರೀಕ್ಷಿಸಬೇಕು? ವರ್ಗಮೂಲದವರೆಗೆ. ಒಂದು ಸಂಖ್ಯೆ ಎರಡು ತುಂಡಾದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ, ಅಲ್ವಾ? 828ರ ವರ್ಗ 6,85,584. ಹಾಗಾಗಿ ಅತಿ ಹೆಚ್ಚೆಂದರೆ 828ರೊಳಗಿನ ಅವಿಭಾಜ್ಯಗಳನ್ನು ನೋಡಿದರೆ ಮುಗಿಯಿತು. ಅವು ಸುಮಾರು 140 ಇವೆ. ಕೇಳಲು ಜಾಸ್ತಿ ಅನಿಸಬಹುದು, ಆದರೆ ಮಧ್ಯದಲ್ಲಿ ಒಂದು ಸಿಕ್ಕಿದರೂ ಕೆಲಸ ಹಠಾತ್ತನೆ ಹಗುರವಾಗುತ್ತದೆ.

17, 19, 23, 29, 31, 37, 41, 43... ಯಾವುದೂ ಒಪ್ಪುವುದಿಲ್ಲ. ಆಮೇಲೆ 47. ಇದನ್ನು ಬಾಯಲ್ಲೇ ಭಾಗಿಸಿ ನೋಡಿ: 47 × 14,000 = 6,58,000. ಕಳೆದರೆ 27,871. ಅದರಿಂದ 47 × 500 = 23,500 ಕಳೆದರೆ 4,371. 47 × 93 = 4,371. ಶೇಷ ಸೊನ್ನೆ! ಹಾಗಾಗಿ 6,85,871 = 47 × 14,593.

ಈಗ ಗಡಿ ಎಲ್ಲಿಗೆ ಬಂತು ನೋಡಿ. 121ರ ವರ್ಗ 14,641, ಅದು 14,593ಕ್ಕಿಂತ ದೊಡ್ಡದು. ಇನ್ನು 120ರವರೆಗೆ ನೋಡಿದರೆ ಸಾಕು. 828ರಿಂದ 120ಕ್ಕೆ ಇಳಿದೆವು. ಅದರಲ್ಲೂ 47ಕ್ಕಿಂತ ಸಣ್ಣವನ್ನು ಮತ್ತೆ ನೋಡಬೇಕಿಲ್ಲ. ಅವು 6,85,871ನ್ನೇ ಭಾಗಿಸಲಿಲ್ಲ ಅಂದಮೇಲೆ ಅದರ ತುಂಡನ್ನೂ ಭಾಗಿಸುವುದಿಲ್ಲ. 47ನ್ನು ಮಾತ್ರ ಇನ್ನೊಮ್ಮೆ ನೋಡಲೇಬೇಕು, ಅದು ಎರಡು ಸಲ ಬರಬಹುದು. ಎಷ್ಟೋ ಜನ ತಪ್ಪುವುದು ಇಲ್ಲೇ: ಸಿಕ್ಕ ಅವಿಭಾಜ್ಯವನ್ನು ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಾರೆ. ಇಲ್ಲಿ 47ಕ್ಕೆ ಶೇಷ 23 ಬರುತ್ತದೆ. ಮುಂದೆ 53, 59, 61 ಎಂದು 113ರವರೆಗೆ, 47 ಸೇರಿ ಒಟ್ಟು 16 ಭಾಗಾಕಾರ. ಒಂದರಲ್ಲೂ ಶೇಷ ಸೊನ್ನೆ ಬರುವುದಿಲ್ಲ. 14,593 ಅವಿಭಾಜ್ಯ.

ಉತ್ತರ ಸಿಕ್ಕಿತು:

1,23,45,678 = 2 × 3² × 47 × 14,593

ಸುಮ್ನೆ ನಂಬಬೇಡಿ, ತಿರುಗಿ ಗುಣಿಸಿ ನೋಡಿ. ಈ ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಹೆಜ್ಜೆ 5: ಘಾತಾಂಕಗಳಿಂದ ಭಾಜಕಗಳಿಗೆ

ಭಾಜಕಗಳನ್ನು ಒಂದೊಂದಾಗಿ ಹುಡುಕುವ ಕೆಲಸ ಇಲ್ಲ. ಪ್ರತಿ ಘಾತಾಂಕಕ್ಕೆ 1 ಕೂಡಿ, ಬಂದದ್ದನ್ನು ಗುಣಿಸಿ. ಇಲ್ಲಿ ಘಾತಾಂಕಗಳು 1, 2, 1, 1. ಹಾಗಾಗಿ 2 × 3 × 2 × 2 = 24 ಭಾಜಕಗಳು. ಒಂದು ಭಾಜಕ ಕಟ್ಟುವಾಗ 3ನ್ನು ಬಿಡಬಹುದು, ಒಂದು ಸಲ ಹಾಕಬಹುದು, ಎರಡು ಸಲ ಹಾಕಬಹುದು, ಅಂದರೆ ಮೂರು ದಾರಿ. ಉಳಿದವಕ್ಕೆ ಎರಡೆರಡು ದಾರಿ. ಅಷ್ಟೇ ವಿಷಯ.

ಭಾಜಕಗಳ ಮೊತ್ತಕ್ಕೂ ಇದೇ ಉಪಾಯ. ಪ್ರತಿ ಅವಿಭಾಜ್ಯಕ್ಕೂ ಅದರ ಘಾತಗಳನ್ನು 1ರಿಂದ ಶುರು ಮಾಡಿ ಕೂಡಿ: 2ಕ್ಕೆ 1+2 = 3. 3ಕ್ಕೆ 1+3+9 = 13. 47ಕ್ಕೆ 48. 14,593ಕ್ಕೆ 14,594. ಗುಣಿಸಿದರೆ 3 × 13 × 48 × 14,594 = 2,73,19,968.

ಆಯ್ಲರ್‌ನ ಟೋಶಂಟ್ ಎಂಬುದು ಇನ್ನೊಂದು. ನಮ್ಮ ಸಂಖ್ಯೆಯವರೆಗಿನ ಸಂಖ್ಯೆಗಳಲ್ಲಿ ಎಷ್ಟು ಇದರ ಜೊತೆ 1 ಬಿಟ್ಟು ಬೇರೆ ಯಾವ ಅಪವರ್ತನವನ್ನೂ ಹಂಚಿಕೊಳ್ಳುವುದಿಲ್ಲ ಎಂಬ ಎಣಿಕೆ ಅದು. 1 × 6 × 46 × 14,592 = 40,27,392. ಇಲ್ಲಿ 6 ಬಂದದ್ದು 9ರಿಂದ 3 ಕಳೆದು, ಉಳಿದವು ಅವಿಭಾಜ್ಯದಿಂದ 1 ಕಳೆದು ಬಂದವು. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಆರ್‌ಎಸ್‌ಎ ಗೂಢಲಿಪಿಯ ಗಣಿತ ನಿಂತಿರುವುದು ಈ ಎಣಿಕೆಯ ಮೇಲೆಯೇ. ಅಪವರ್ತನ ಗೊತ್ತಿದ್ದವರಿಗೆ ಇದು ಒಂದು ಸಾಲಿನ ಗುಣಾಕಾರ, ಗೊತ್ತಿಲ್ಲದವರಿಗೆ ದೊಡ್ಡ ಸಂಖ್ಯೆಗಳಲ್ಲಿ ದಾರಿಯೇ ಕಾಣುವುದಿಲ್ಲ.

ಹೆಜ್ಜೆ 6: ಯಾವ ಗುಂಪಿಗೆ ಸೇರುತ್ತದೆ?

ಭಾಜಕಗಳ ಮೊತ್ತದಿಂದ ಸಂಖ್ಯೆಯನ್ನೇ ಕಳೆಯಿರಿ: 2,73,19,968 − 1,23,45,678 = 1,49,74,290. ಇದು ನಮ್ಮ ಸಂಖ್ಯೆಗಿಂತ ಜಾಸ್ತಿ ಇದೆ. ಹೀಗೆ ಜಾಸ್ತಿ ಬಂದರೆ ಅದು ಅಬಂಡಂಟ್ ಸಂಖ್ಯೆ, ಕಡಿಮೆ ಬಂದರೆ ಡಿಫಿಶಿಯಂಟ್, ಸರಿಸಮ ಬಂದರೆ ಪರಿಪೂರ್ಣ ಸಂಖ್ಯೆ. ಪರಿಪೂರ್ಣ ಸಂಖ್ಯೆಗಳು ಬಹಳ ಅಪರೂಪ. 6, 28, 496, 8128 ಆದಮೇಲೆ ಮುಂದಿನದು 3,35,50,336. ನಮ್ಮದು ಅಬಂಡಂಟ್ ಎಂಬುದನ್ನು ಇಷ್ಟೆಲ್ಲ ಲೆಕ್ಕ ಮಾಡದೆಯೂ ಹೇಳಬಹುದಿತ್ತು. 18ರ ಭಾಜಕಗಳು 1+2+3+6+9 = 21, ಅಂದರೆ 18 ಅಬಂಡಂಟ್. ಅಬಂಡಂಟ್ ಸಂಖ್ಯೆಯ ಅಪವರ್ತ್ಯಗಳೆಲ್ಲ ಅಬಂಡಂಟ್. ನಮ್ಮ ಸಂಖ್ಯೆ 18ರ ಅಪವರ್ತ್ಯ.

ಇದು 6ರ ಅಪವರ್ತ್ಯವೂ ಹೌದು. ಹಾಗಾಗಿ ಇನ್ನೊಂದು ಗುಣ ಪುಕ್ಕಟೆಯಾಗಿ ಸಿಗುತ್ತದೆ. ಅರ್ಧ, ಮೂರನೇ ಒಂದು, ಆರನೇ ಒಂದು ಪಾಲು ಸೇರಿದರೆ ಪೂರ್ತಿ ಆಗುತ್ತದಲ್ಲ? 61,72,839 + 41,15,226 + 20,57,613 = 1,23,45,678. ತನ್ನದೇ ಕೆಲವು ಭಾಜಕಗಳ ಮೊತ್ತವಾಗಿ ಬರುವ ಇಂಥವಕ್ಕೆ ಸೆಮಿಪರ್ಫೆಕ್ಟ್ ಎನ್ನುತ್ತಾರೆ.

ನನಗೆ ತುಂಬಾ ಇಷ್ಟವಾಗುವ ಪರೀಕ್ಷೆ ಪ್ರಾಕ್ಟಿಕಲ್ ಸಂಖ್ಯೆಯದು. ಒಂದು ಸಂಖ್ಯೆಗಿಂತ ಸಣ್ಣದಾದ ಪ್ರತಿಯೊಂದು ಸಂಖ್ಯೆಯನ್ನೂ ಅದರ ಬೇರೆ ಬೇರೆ ಭಾಜಕಗಳನ್ನು ಕೂಡಿ ಪಡೆಯಬಹುದಾದರೆ ಅದು ಪ್ರಾಕ್ಟಿಕಲ್. ನಮ್ಮದು ಹೌದಾ? ಸಣ್ಣ ಭಾಜಕಗಳನ್ನು ಸಾಲಾಗಿ ಬರೆಯಿರಿ: 1, 2, 3, 6, 9, 18. ಇವುಗಳಿಂದ 1, 2, 3, 4, 5... ಎಂದು 39ರವರೆಗೆ ಎಲ್ಲವನ್ನೂ ಕಟ್ಟಬಹುದು. ಆರನ್ನೂ ಕೂಡಿದರೆ 39, ಅಲ್ಲಿಗೆ ನಿಂತಿತು. ಮುಂದಿನ ಭಾಜಕ 47. ಹಾಗಾಗಿ 40ರಿಂದ 46ರವರೆಗಿನ ಏಳು ಸಂಖ್ಯೆಗಳನ್ನು ಕಟ್ಟಲು ದಾರಿಯೇ ಇಲ್ಲ. ಪ್ರಾಕ್ಟಿಕಲ್ ಅಲ್ಲ. 47ರ ಬದಲು 40ರೊಳಗಿನ 37 ಇದ್ದಿದ್ದರೆ ಈ ಬಿರುಕು ಇಲ್ಲಿ ಬರುತ್ತಿರಲಿಲ್ಲ. ಒಂದು ಅವಿಭಾಜ್ಯದ ಗಾತ್ರ ಇಷ್ಟು ದೂರದ ಪರಿಣಾಮ ಮಾಡುವುದನ್ನು ಕಣ್ಣಾರೆ ನೋಡುವುದೇ ಒಂದು ಸುಖ.

ಇನ್ನು ಚಿಕ್ಕ ಪುಟ್ಟವು. 3 ಎರಡು ಸಲ ಬಂದಿರುವುದರಿಂದ ಇದು ವರ್ಗಮುಕ್ತ ಅಲ್ಲ. ಅದೇ ಕಾರಣಕ್ಕೆ ಮೊಬಿಯಸ್ ಫಲನದ (ವರ್ಗಮುಕ್ತ ಸಂಖ್ಯೆಗಳಿಗೆ 1 ಅಥವಾ −1, ಉಳಿದವಕ್ಕೆ 0 ಕೊಡುವ ಫಲನ) ಬೆಲೆ 0. ಅತಿ ದೊಡ್ಡ ಅವಿಭಾಜ್ಯ ಅಪವರ್ತನ 14,593. ಅದು ಹೆಜ್ಜೆ 1ರಲ್ಲಿ ಬರೆದಿಟ್ಟ ವರ್ಗಮೂಲ 3513ಕ್ಕಿಂತ ದೊಡ್ಡದು. ಇಂಥ ಸಂಖ್ಯೆಗಳಿಗೆ ಅನ್‌ಯೂಶುವಲ್ ಎಂದು ಹೆಸರಿಟ್ಟಿದ್ದಾರೆ. ಆದರೆ ದೊಡ್ಡ ಸಂಖ್ಯೆಗಳಲ್ಲಿ ನೂರಕ್ಕೆ ಸುಮಾರು 69 ಇದೇ ಗುಂಪಿನವು. ಅಂದರೆ ಯಾವುದಾದರೊಂದು ದೊಡ್ಡ ಸಂಖ್ಯೆಯನ್ನು ಎತ್ತಿಕೊಂಡರೆ ಅದರೊಳಗೆ ಒಂದು ದೊಡ್ಡ ಅವಿಭಾಜ್ಯ ಕೂತಿರುವ ಸಾಧ್ಯತೆಯೇ ಹೆಚ್ಚು. ಭಾಗಿಸುತ್ತಾ ಹೋಗುವಾಗ ಇದು ನೆನಪಿರಲಿ.

ಹೆಜ್ಜೆ 7: ವರ್ಗಗಳ ಮೊತ್ತವಾಗಿ ಬರೆಯಬಹುದಾ?

ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುತ್ತದಾ ಎಂಬುದನ್ನು ಸಾವಿರಾರು ಜೋಡಿಗಳನ್ನು ಹಾಕಿ ನೋಡಿ ತೀರ್ಮಾನಿಸಬೇಕಿಲ್ಲ. 4ರಿಂದ ಭಾಗಿಸಿದರೆ ಶೇಷ 3 ಬರುವ ಅವಿಭಾಜ್ಯಗಳನ್ನು ಮಾತ್ರ ನೋಡಿ. ಅವುಗಳ ಘಾತಾಂಕಗಳೆಲ್ಲ ಸಮವಾಗಿದ್ದರೆ ಆಗುತ್ತದೆ, ಒಂದು ಬೆಸವಾಗಿದ್ದರೂ ಆಗುವುದಿಲ್ಲ. ನಮ್ಮಲ್ಲಿ 3 ಇದೆ, ಆದರೆ ಎರಡು ಸಲ ಇದೆ, ತೊಂದರೆ ಇಲ್ಲ. 47ಕ್ಕೂ ಶೇಷ 3 ಬರುತ್ತದೆ, ಅದು ಒಂದೇ ಸಲ ಇದೆ. ಹಾಗಾಗಿ ಆಗುವುದಿಲ್ಲ.

ಕೆಡಿಸಿದ್ದು 47 ಒಂದೇ. 14,593 ತನ್ನಷ್ಟಕ್ಕೆ ಒಳ್ಳೆಯದಿದೆ. 4ರಿಂದ ಭಾಗಿಸಿದರೆ ಶೇಷ 1. ಅಂಥ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ ಆಗಲೇಬೇಕು ಎಂದು 17ನೇ ಶತಮಾನದಲ್ಲಿ ಫರ್ಮಾ ಹೇಳಿದ. ಅದನ್ನು ಸಾಧಿಸಿ ತೋರಿಸಿದವನು ಆಯ್ಲರ್. ಹುಡುಕಿದರೆ ಸಿಗುತ್ತದೆ: 97² + 72² = 9,409 + 5,184 = 14,593.

ಮೂರು ವರ್ಗಗಳು ಬೇಕಾದರೆ? 8ರಿಂದ ಭಾಗಿಸಿದರೆ ನಮ್ಮ ಸಂಖ್ಯೆಗೆ ಶೇಷ 6. ಲೆಜಾಂಡ್ರ್‌ನ ಪ್ರಮೇಯದ ಪ್ರಕಾರ, 4ರಿಂದ ಎಷ್ಟು ಸಲ ಭಾಗವಾಗುತ್ತದೋ ಅಷ್ಟು ಸಲ ಭಾಗಿಸಿದ ಮೇಲೆ 8ಕ್ಕೆ ಶೇಷ 7 ಬರುವ ಸಂಖ್ಯೆಗಳು ಮಾತ್ರ ಮೂರು ವರ್ಗಗಳಲ್ಲಿ ಬರುವುದಿಲ್ಲ. ನಮ್ಮದು ಬರುತ್ತದೆ. 3513ರಿಂದ ಶುರು ಮಾಡಿ ಒಂದೊಂದೇ ಕೆಳಗಿಳಿಯಿರಿ. ಪ್ರತಿ ಸಲ ಉಳಿದದ್ದನ್ನು ಅಪವರ್ತಿಸಿ ಎರಡು ವರ್ಗಗಳ ನಿಯಮ ಹಚ್ಚಿ. 3513, 3512, 3511 ಮೂರೂ ಕೈಕೊಡುತ್ತವೆ. 3510ಕ್ಕೆ ಬಂದಾಗ ಉಳಿಯುವುದು 25,578. ಅದು 21² × 58, ಮತ್ತು 58 = 49 + 9. ಹಾಗಾಗಿ 1,23,45,678 = 3510² + 147² + 63².

ತ್ರಿಕೋನ ಸಂಖ್ಯೆ (1+2+3+... ಎಂದು ಕೂಡುತ್ತಾ ಹೋದರೆ ಸಿಗುವಂಥದು) ಹೌದಾ ಎಂಬುದಕ್ಕೂ ವರ್ಗದ್ದೇ ಪರೀಕ್ಷೆ. 8ರಿಂದ ಗುಣಿಸಿ 1 ಕೂಡಿದರೆ ಪೂರ್ಣ ವರ್ಗ ಬರಬೇಕು. ಇಲ್ಲಿ 9,87,65,425 ಬರುತ್ತದೆ. 9938ರ ವರ್ಗ ಇದಕ್ಕಿಂತ ಕಡಿಮೆ, 9939ರ ವರ್ಗ ಜಾಸ್ತಿ. ಅಲ್ಲ.

ಹೆಜ್ಜೆ 8: ಅಂಕಿಗಳ ಗುಣಗಳು, ಬೇರೆ ಪಟ್ಟಿಯಲ್ಲಿ

ಇವನ್ನು ನಾನು ಕೊನೆಗೆ ಇಟ್ಟಿದ್ದೇನೆ. ಇವು 10ರ ಆಧಾರದಲ್ಲಿ ಬರೆಯುವ ನಮ್ಮ ರೂಢಿಗೆ ಅಂಟಿಕೊಂಡ ಗುಣಗಳು. 0, 1 ಮಾತ್ರ ಬಳಸುವ ದ್ವಿಮಾನದಲ್ಲಿ ಬರೆದರೆ 1ರಿಂದ 8ರ ಆ ಅಂದದ ಸಾಲು ಮಾಯವಾಗುತ್ತದೆ, 2 × 3² × 47 × 14,593 ಮಾತ್ರ ಹಾಗೇ ಇರುತ್ತದೆ. ಆದ್ದರಿಂದ ಬರೆದಿಡುವಾಗ ಎರಡನ್ನೂ ಬೆರೆಸಬೇಡಿ.

ಅಂಕಿ ಮೊತ್ತ 36. ತನ್ನ ಅಂಕಿ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಹರ್ಷದ್ ಎಂದು ಹೆಸರಿಟ್ಟವರು ಡಿ.ಆರ್. ಕಾಪ್ರೇಕರ್. ನಮ್ಮದು 4ರಿಂದಲೇ ಭಾಗವಾಗುವುದಿಲ್ಲ, ಹಾಗಾಗಿ 36ರಿಂದಲೂ ಇಲ್ಲ. ಹರ್ಷದ್ ಅಲ್ಲ. ಅಂಕಿಗಳ ವರ್ಗಗಳನ್ನು ಕೂಡಿದರೆ 204, ಮತ್ತೆ ಹಾಗೇ ಮಾಡಿದರೆ 20, ಆಮೇಲೆ 4. 4 ಬಂತೆಂದರೆ ಮುಂದೆ 1 ಬರುವುದೇ ಇಲ್ಲ, ಅದೇ ಸುತ್ತಿನಲ್ಲಿ ತಿರುಗುತ್ತದೆ. ಹಾಗಾಗಿ, ಹೀಗೆ ಮಾಡುತ್ತಾ ಹೋದರೆ ಕೊನೆಗೆ 1 ಬರಬೇಕಾದ ಹ್ಯಾಪಿ ಸಂಖ್ಯೆಯೂ ಅಲ್ಲ. ದ್ವಿಮಾನದಲ್ಲಿ 101111000110000101001110. ಒಟ್ಟು 24 ಬಿಟ್, ಅದರಲ್ಲಿ 12 ಒಂದುಗಳು.

ಒಂದು ಅಂಕಿ ಸೇರಿಸಿದರೆ ಎಲ್ಲವೂ ಬದಲು

ಕೊನೆಗೊಂದು 9 ಹಾಕಿ: 12,34,56,789. ನೋಡಲು ಅಣ್ಣ ತಮ್ಮ ಇದ್ದ ಹಾಗಿವೆ. ಒಳಗೆ ಸಂಬಂಧವೇ ಇಲ್ಲ. 9ರಿಂದ ಭಾಗಿಸಿದರೆ 1,37,17,421 ಉಳಿಯುತ್ತದೆ. ಆಮೇಲೆ ಸಣ್ಣ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋದರೆ 500ರಷ್ಟು ಅವಿಭಾಜ್ಯಗಳನ್ನು ದಾಟಬೇಕು. ಕೈಯಲ್ಲಿ ಮಾಡುವವರಿಗೆ ತಾಳ್ಮೆ ಕೆಡುತ್ತದೆ.

ಇಂಥ ಜಾಗದಲ್ಲಿ ಫರ್ಮಾನ ಇನ್ನೊಂದು ಉಪಾಯ ಹಚ್ಚಿ. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸಾಧ್ಯವಾದರೆ ಅದು ಅಲ್ಲಿಗೇ ಒಡೆಯಿತು. ವರ್ಗಮೂಲ 3703 ಚಿಲ್ಲರೆ. ಅದರ ಮೇಲಿನ ಪೂರ್ಣಾಂಕ 3704ರಿಂದ ಶುರು. 3704² = 1,37,19,616. ನಮ್ಮದನ್ನು ಕಳೆದರೆ 2,195, ಪೂರ್ಣ ವರ್ಗ ಅಲ್ಲ. ಮುಂದಿನದು 3705² = 1,37,27,025. ಕಳೆದರೆ 9,604. ಅದು 98ರ ವರ್ಗ! ಹಾಗಾಗಿ ಅಪವರ್ತನಗಳು 3705 − 98 = 3607 ಮತ್ತು 3705 + 98 = 3803. 500 ಭಾಗಾಕಾರದ ಕೆಲಸ ಎರಡೇ ಪ್ರಯತ್ನದಲ್ಲಿ ಮುಗಿಯಿತು. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದಾಗ ಮಾತ್ರ ಈ ಉಪಾಯ ಹೀಗೆ ಫಲ ಕೊಡುತ್ತದೆ. ಆದರೂ ದೊಡ್ಡ ಸಂಖ್ಯೆ ಕಂಡಾಗ ನಾಲ್ಕೈದು ಸಲ ಪ್ರಯತ್ನಿಸಿ ನೋಡುವುದಕ್ಕೆ ನಷ್ಟವೇನೂ ಇಲ್ಲ.

12,34,56,789 = 3² × 3607 × 3803. ಭಾಜಕಗಳು ಬರೀ 12. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 5,49,66,027, ಹಾಗಾಗಿ ಡಿಫಿಶಿಯಂಟ್.

ಇನ್ನೊಂದು ಕಡೆಯ ಉದಾಹರಣೆಯನ್ನೂ ನೋಡಿ. ನಮ್ಮ ಸಂಖ್ಯೆಯಿಂದ ಒಂದು ಲಕ್ಷಕ್ಕಿಂತ ಕಡಿಮೆ ದೂರದಲ್ಲಿ 1,22,52,240 ಇದೆ. 1ರಿಂದ 18ರವರೆಗಿನ ಎಲ್ಲ ಸಂಖ್ಯೆಗಳ ಲ.ಸಾ.ಅ. ಅದು: 2⁴ × 3² × 5 × 7 × 11 × 13 × 17. ಭಾಜಕಗಳು 480! ನಮ್ಮದಕ್ಕೆ 24, ನೆರೆಯದಕ್ಕೆ ಇಪ್ಪತ್ತು ಪಟ್ಟು. ಆದರೂ ಇದು ದಾಖಲೆ ಅಲ್ಲ. ಇದಕ್ಕಿಂತ ಸಣ್ಣದಾದ 1,08,10,800ಕ್ಕೂ 480 ಭಾಜಕಗಳಿವೆ. ತನಗಿಂತ ಸಣ್ಣ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕ ಇರುವಂಥವನ್ನು ಹೈಲಿ ಕಾಂಪೋಸಿಟ್ ಎನ್ನುತ್ತಾರೆ. ಅವುಗಳ ಮೇಲೆ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧ ಪ್ರಕಟಿಸಿದರು. 1,08,10,800 ಆ ಗುಂಪಿನದು.

ಸಂಖ್ಯೆ ಇನ್ನೂ ದೊಡ್ಡದಾದರೆ

ಹತ್ತು ಹನ್ನೆರಡು ಅಂಕಿ ದಾಟಿದ ಮೇಲೆ ಕಂಪ್ಯೂಟರ್ ಹಿಡಿಯುವುದೇ ಸರಿ. ಆದರೆ ಉಪಕರಣ ನೋಡಿ ಆರಿಸಿ. ಸ್ಪ್ರೆಡ್‌ಶೀಟ್‌ಗಳು ಸಾಮಾನ್ಯವಾಗಿ 15 ಅಂಕಿ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತವೆ, ಉಳಿದ ಕಡೆ ಸೊನ್ನೆ ತುಂಬಿಬಿಡುತ್ತವೆ. ಸೊನ್ನೆಯಲ್ಲಿ ಮುಗಿದ ತಪ್ಪು ಸಂಖ್ಯೆಯನ್ನು ಹಿಡಿದುಕೊಂಡು 2, 5ರಿಂದ ಭಾಗವಾಗುತ್ತದೆ ಎಂದು ಬರೆದರೆ ಎಲ್ಲವೂ ಕೆಟ್ಟಿತು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಪೂರ್ಣಾಂಕಗಳಿಗೆ ಇಂಥ ಮಿತಿ ಇಲ್ಲ. ಅಲ್ಲೂ ಭಾಗಿಸುವಾಗ ಒಂದು ಗೆರೆಯ (/) ಬದಲು ಎರಡು ಗೆರೆಯ (//) ಚಿಹ್ನೆ ಬಳಸಿ, ಇಲ್ಲದಿದ್ದರೆ ದಶಮಾಂಶಕ್ಕೆ ಹೋಗಿ ಕೊನೆಯ ಅಂಕಿಗಳು ಕಳೆದುಹೋಗುತ್ತವೆ. ಲಿನಕ್ಸ್‌ನಲ್ಲಿ ಫ್ಯಾಕ್ಟರ್ ಎಂಬ ಆದೇಶವೇ ಇದೆ. ಸಂಖ್ಯೆ ಕೊಟ್ಟರೆ ಅವಿಭಾಜ್ಯಗಳನ್ನು ಸಾಲಾಗಿ ಕೊಡುತ್ತದೆ.

ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವುದು ಒಂದು ಕೆಲಸ, ಒಡೆದು ತೋರಿಸುವುದು ಬೇರೆ ಕೆಲಸ. ಮೊದಲನೆಯದು ಎಷ್ಟೋ ಸುಲಭ. 2ರ 67ನೇ ಘಾತದಿಂದ 1 ಕಳೆದರೆ 21 ಅಂಕಿಯ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯ ಅಲ್ಲ ಎಂದು 1876ರಲ್ಲಿ ಲೂಕಾ ತೋರಿಸಿದ, ಒಂದು ಅಪವರ್ತನವನ್ನೂ ಕೊಡದೆ! 19,37,07,721 × 7,61,83,82,57,287 ಎಂದು ಒಡೆದು ತೋರಿಸಲು 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಬರಬೇಕಾಯಿತು. ಅವಿಭಾಜ್ಯ ಪರೀಕ್ಷೆಗೆ ಇಂದು ಎಲ್ಲೆಡೆ ಬಳಸುವುದು ಮಿಲ್ಲರ್–ರಾಬಿನ್ ವಿಧಾನ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು ಸಂಶಯಕ್ಕೆ ಎಡೆಯಿಲ್ಲದೆ, ಅಂಕಿಗಳು ಹೆಚ್ಚಿದರೂ ಸಮಯ ಕೈಮೀರದಂತೆ ಪರೀಕ್ಷಿಸುವ ದಾರಿ ಕೊಟ್ಟರು. ಒಡೆಯುವ ಕೆಲಸ ಮಾತ್ರ ಈಗಲೂ ಕಷ್ಟ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಮಾಡಿದ 250 ಅಂಕಿಯ ಆರ್‌ಎಸ್‌ಎ-250 ಒಡೆದದ್ದು 2020ರಲ್ಲಿ, ಅದೂ ಬಹಳಷ್ಟು ಕಂಪ್ಯೂಟರ್‌ಗಳನ್ನು ಒಟ್ಟಿಗೆ ದುಡಿಸಿ.

ಪರೀಕ್ಷೆಗೆ ಒಂದೇ ಸಲ ಉತ್ತೀರ್ಣವಾಯಿತು ಎಂದು ಅವಿಭಾಜ್ಯ ಎಂದು ಬರೆದುಬಿಡಬೇಡಿ. ಫರ್ಮಾನ ಸರಳ ಪರೀಕ್ಷೆಯಲ್ಲಿ 2ರಂಥ ಒಂದು ಆಧಾರವನ್ನು, ಪರೀಕ್ಷಿಸುವ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬರಬೇಕು. 341 ಕೂಡ 2ರ ಎದುರು ಅವಿಭಾಜ್ಯದ ಹಾಗೆ ಪಾಸಾಗುತ್ತದೆ, ಆದರೆ ಅದು 11 × 31. ಮಿಲ್ಲರ್–ರಾಬಿನ್‌ನಲ್ಲಿ ಹಲವು ಆಧಾರಗಳನ್ನು ಹಾಕಿ ನೋಡುವುದು ಇದೇ ಕಾರಣಕ್ಕೆ.

ನೀವೇ ಮಾಡಿ ನೋಡಲು

9,87,65,432 ತೆಗೆದುಕೊಳ್ಳಿ. 2 ಮೂರು ಸಲ ಹೋಗುತ್ತದೆ, 1,23,45,679 ಉಳಿಯುತ್ತದೆ. ನಮ್ಮ ಸಂಖ್ಯೆಗಿಂತ ಒಂದೇ ಒಂದು ಹೆಚ್ಚು! ಮುಂದಕ್ಕೆ ಭಾಗಿಸುತ್ತಾ ಹೋದರೆ 37ರಲ್ಲಿ ಸಿಕ್ಕುತ್ತದೆ, 3,33,667 ಉಳಿಯುತ್ತದೆ. ಅದು ಅವಿಭಾಜ್ಯ ಎಂದು ಖಚಿತಪಡಿಸಲು 577ರವರೆಗೆ ಹೋಗಬೇಕು. 37ನ್ನು ಹುಡುಕದೇ ಪಡೆಯುವ ಅಡ್ಡದಾರಿಯೂ ಇದೆ. 1,23,45,679ನ್ನು 9ರಿಂದ ಗುಣಿಸಿ, 11,11,11,111 ಬರುತ್ತದೆ. ಅದು 111 × 10,01,001. ಮೊದಲನೆಯದು 3 × 37, ಎರಡನೆಯದು 3 × 3,33,667. ಆಮೇಲೆ ಭಾಜಕಗಳನ್ನು ಎಣಿಸಿ, 16 ಬರಬೇಕು. ಮೊತ್ತ ತೆಗೆದು ಸಂಖ್ಯೆಯನ್ನೇ ಕಳೆದರೆ 9,14,25,328. 8ರಿಂದ ಭಾಗವಾಗುವ ಸಂಖ್ಯೆಯಾದರೂ ಇದು ಡಿಫಿಶಿಯಂಟ್.